ಗುಂಯ್‌ಗುಡುವ ತಂತಿಯ ಚರಿತ್ರೆ

ಸದ್ದಿನ ಮಾತಿಗೆ ಕನ್ನಡದಲ್ಲಿ ಬಡತನವಿಲ್ಲ. ದುಂಬಿ ಗುಂಯ್‌ಗುಡುತ್ತದೆ, ಒಗ್ಗರಣೆ ಚುಂಯ್ ಎನ್ನುತ್ತದೆ, ಹಳೆಯ ಬಾಗಿಲು ಕಿರ್ರೆನ್ನುತ್ತದೆ, ಕುಕ್ಕರು ಕೂಗುವ ಮೊದಲು ಸುಸ್ ಎನ್ನುತ್ತದೆ. ಕಂಪ್ಯೂಟರಿಗೆ ಹೆಡ್‌ಫೋನ್ ಸಿಕ್ಕಿಸಿ ಕಿವಿಗೆ ಇಟ್ಟುಕೊಂಡಾಗ ಮಾತು, ಹಾಡುಗಳ ಹಿಂದೆ ಬೇಡದ ಸದ್ದೊಂದು ಕೇಳಿಸುತ್ತದಲ್ಲ, ಅದಕ್ಕೂ ಈ ಮಾತುಗಳೇ ಸಾಕು. ಸಾಕು ಮಾತ್ರವಲ್ಲ, ಈ ಮಾತುಗಳಲ್ಲೇ ಅರ್ಧ ರಿಪೇರಿ ಇದೆ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಈ ಸದ್ದು ಎಲ್ಲಿಂದ ಬಂತು ಎನ್ನುವುದನ್ನು ನೋಡೋಣ. ಅದಕ್ಕೆ ಕಂಪ್ಯೂಟರಿಗಿಂತ ಹೆಚ್ಚು ವಯಸ್ಸು.

1876ರಲ್ಲಿ ಗ್ರಹಾಂ ಬೆಲ್ ಟೆಲಿಫೋನ್ ಮಾಡಿದಾಗ ಊರಿಂದ ಊರಿಗೆ ಎಳೆದದ್ದು ಒಂದೇ ತಂತಿ. ಟೆಲಿಗ್ರಾಫಿನಲ್ಲಿಯೂ ಹಾಗೆಯೇ ಇತ್ತು. ವಿದ್ಯುತ್ತು ಹೋಗಿ ಬರಲು ಎರಡು ದಾರಿ ಬೇಕು. ಹೋಗುವುದಕ್ಕೆ ತಂತಿ, ಬರುವುದಕ್ಕೆ ನೆಲ. ಎರಡನೆಯ ತಂತಿಯ ಖರ್ಚನ್ನು ಭೂಮಿತಾಯಿಯೇ ಹೊತ್ತಿದ್ದಳು ಎನ್ನಿ. ಬೆಲ್‌ನ ಸಹಾಯಕ ಥಾಮಸ್ ವಾಟ್ಸನ್ ರಾತ್ರಿಯ ಹೊತ್ತು ಯಾರೂ ಮಾತಾಡದ ತಂತಿಗೆ ಕಿವಿಗೊಟ್ಟು ಕೂರುತ್ತಿದ್ದನಂತೆ. ಚಟ್ ಎನ್ನುವ ಸದ್ದು, ಕೆರೆದಂಥ ಸದ್ದು, ಹಕ್ಕಿ ಚಿಲಿಪಿಲಿಗುಟ್ಟಿದಂಥ ಸದ್ದು. ಇದು ಸೂರ್ಯನ ಮೇಲಿನ ಸ್ಫೋಟವೋ, ಬೇರೆ ಗ್ರಹದವರ ಸಂದೇಶವೋ ಎಂದು ಅವನು ಯೋಚಿಸಿದ್ದುಂಟು. ಆಗಿನ್ನೂ ಊರಿನಲ್ಲಿ ವಿದ್ಯುದ್ದೀಪಗಳಿರಲಿಲ್ಲ. ದೀಪದ ತಂತಿಗಳು, ಟ್ರಾಮಿನ ತಂತಿಗಳು ಬೀದಿಗೆ ಬಂದ ಮೇಲೆ ಯೋಚಿಸಬೇಕಾದ ಅಗತ್ಯವೇ ಉಳಿಯಲಿಲ್ಲ. ಅವುಗಳ ಕರೆಂಟೂ ಅದೇ ನೆಲದಲ್ಲಿ ಹರಿದು ಟೆಲಿಫೋನಿನೊಳಗೆ ನುಗ್ಗಿ ಗುಂಯ್‌ಗುಟ್ಟತೊಡಗಿತು.

ಇದಕ್ಕೆ ಬೆಲ್ 1881ರಲ್ಲಿಯೇ ಪೇಟೆಂಟ್ ಪಡೆದ ಉಪಾಯ ನಮಗೆಲ್ಲ ಗೊತ್ತಿರುವಂಥದು. ನೆಲವನ್ನು ಬಿಟ್ಟು ಎರಡು ತಂತಿ ಹಾಕಿ, ಎರಡನ್ನೂ ಜಡೆ ಹೆಣೆದ ಹಾಗೆ ಒಂದಕ್ಕೊಂದು ಸುತ್ತಿ ಎಂದನು ಆತ. ಹೊರಗಿನ ಗದ್ದಲ ಎರಡು ತಂತಿಗಳ ಮೇಲೂ ಸಮಸಮನಾಗಿ ಬೀಳುತ್ತದೆ. ಸಮನಾಗಿ ಬಿದ್ದದ್ದು ಕೊನೆಗೆ ಒಂದನ್ನೊಂದು ಕಳೆದುಕೊಂಡು ಸೊನ್ನೆಯಾಗುತ್ತದೆ. ಇಂದು ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ನೀಲಿ ಬಣ್ಣದ ಇಂಟರ್ನೆಟ್ ತಂತಿಯನ್ನು ಕತ್ತರಿಸಿ ನೋಡಿದರೆ ಒಳಗೆ ನಾಲ್ಕು ಜಡೆಗಳು ಕಾಣುತ್ತವೆ. ಆ ಜಡೆ ಹೆಣೆದದ್ದು 1881ರಲ್ಲಿ.

ನೆಲವನ್ನು ನಂಬಿದವರು ಪೆಟ್ಟು ತಿಂದದ್ದು ಮೊದಲ ಮಹಾಯುದ್ಧದಲ್ಲಿ. ಸೈನಿಕರು ಕಂದಕದಿಂದ ಕಂದಕಕ್ಕೆ ಎಳೆದ ಟೆಲಿಫೋನಿಗೆ ಒಂದೇ ತಂತಿ, ಉಳಿದದ್ದು ನೆಲ. ಎದುರು ಪಕ್ಷದವರು ನೆಲಕ್ಕೆ ಗೂಟ ಹೊಡೆದು, ಹೆಡ್‌ಫೋನ್ ಹಾಕಿಕೊಂಡು ಆ ಮಾತನ್ನೆಲ್ಲ ಕದ್ದು ಕೇಳುತ್ತಿದ್ದರು. ಹಾಗೆ ಕೇಳುತ್ತಿದ್ದಾಗ ಮಾತಿನ ನಡುವೆ ‘ಪಿಯೂ’ ಎಂದು ಇಳಿಯುವ ಸಿಳ್ಳೆಯೊಂದು ಬರುತ್ತಿತ್ತು. ಗ್ರೆನೇಡು ಹಾರುತ್ತಿದೆ ಎನ್ನುತ್ತಿದ್ದರಂತೆ ಸೈನಿಕರು. ಜರ್ಮನಿಯ ಬಾರ್ಕ್‌ಹೌಸನ್ ಎಂಬ ವಿಜ್ಞಾನಿ 1919ರಲ್ಲಿ ಇದನ್ನು ಬರೆದು ಪ್ರಕಟಿಸಿದ. ಅದು ದೂರದ ಮಿಂಚಿನ ಸದ್ದು, ಭೂಮಿಯ ಕಾಂತರೇಖೆಗಳ ಜಾಡು ಹಿಡಿದು ಆಕಾಶದಲ್ಲಿ ಸಾವಿರಾರು ಮೈಲಿ ಸುತ್ತಿ ಬಂದದ್ದು ಎಂದು ಸ್ಟೋರಿ ಎಂಬಾತ ವಿವರಿಸಿದ್ದು 1953ರಲ್ಲಿ.

ಹೆಡ್‌ಫೋನಿನ ಮಾತು ಬಂದಿದ್ದರಿಂದ ಒಂದು ಸಂಗತಿ ಹೇಳಿಬಿಡುತ್ತೇನೆ. ಇಂದಿನ ರೂಪದ ಹೆಡ್‌ಫೋನ್ ಹುಟ್ಟಿದ್ದು ಅಡುಗೆಮನೆಯಲ್ಲಿ. ಅಮೆರಿಕದ ಯೂಟಾ ಪ್ರಾಂತ್ಯದ ನಥಾನಿಯಲ್ ಬಾಲ್ಡ್‌ವಿನ್ ತನ್ನ ಮನೆಯ ಅಡುಗೆಮನೆಯ ಮೇಜಿನ ಮೇಲೆ ಮಾಡಿದ ಜೋಡಿಯನ್ನು 1910ರಲ್ಲಿ ಅಲ್ಲಿನ ನೌಕಾಪಡೆಗೆ ಕಳಿಸಿದ. ಅವರು ಪರೀಕ್ಷಿಸಿ ಇನ್ನಷ್ಟು ಬೇಕೆಂದರೆ, ಒಮ್ಮೆಗೆ ಹತ್ತಕ್ಕಿಂತ ಹೆಚ್ಚು ಮಾಡಲಾಗದು ಎಂದನಂತೆ. ಅಡುಗೆಮನೆಯಲ್ಲಿ ಅಷ್ಟೇ ಜಾಗವಲ್ಲವೆ! ಅವನ ಹೆಂಡತಿ ಆ ದಿನಗಳಲ್ಲಿ ಅಡುಗೆ ಎಲ್ಲಿ ಮಾಡುತ್ತಿದ್ದಳು ಎಂದು ಚರಿತ್ರೆ ಬರೆದವರು ಯಾರೂ ಕೇಳಿದಂತಿಲ್ಲ.

ನಮ್ಮ ನಾಡಿನಲ್ಲಿ ವಿದ್ಯುತ್ತಿನ ಗುಂಯ್ ಶುರುವಾದದ್ದು 1902ರಲ್ಲಿ, ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 92 ಮೈಲಿ ತಂತಿ ಎಳೆದಾಗ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಈಗ ನಮ್ಮ ಮನೆಯ ಕರೆಂಟು ಸೆಕೆಂಡಿಗೆ 50 ಸಲ ಅತ್ತಿಂದಿತ್ತ ತೂಗುತ್ತದೆ. ಶಿವನಸಮುದ್ರದ್ದು ಆಗ 25 ಸಲ ಮಾತ್ರ ತೂಗುತ್ತಿತ್ತು. ಆ ಕಾಲದ ಗುಂಯ್ ನಮ್ಮದಕ್ಕಿಂತ ದಪ್ಪ ದನಿಯದು ಎಂದಾಯಿತು.

ಸರಿಯಾಗಿ 1935ರ ಸೆಪ್ಟೆಂಬರ್ 10ರಂದು ಮೈಸೂರಿನ ಒಂಟಿಕೊಪ್ಪಲಿನಲ್ಲಿ, ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ‘ವಿಠಲ ವಿಹಾರ’ ಎಂಬ ಮನೆಯಿಂದ ರೇಡಿಯೋ ಪ್ರಸಾರ ಶುರು ಮಾಡಿದರು. ಯಂತ್ರದ ಶಕ್ತಿ 30 ವ್ಯಾಟ್. ನಮ್ಮ ಬಚ್ಚಲುಮನೆಯ ಹಳೇ ಬಲ್ಬು ಅದಕ್ಕಿಂತ ಜೋರಿತ್ತು. ಅಷ್ಟು ಸಣ್ಣ ದನಿ ಗಾಳಿಯಲ್ಲಿ ಹೊರಟರೆ ಮಿಂಚು, ಮೋಟಾರು, ಸ್ವಿಚ್ಚಿನ ಕಿಡಿ ಎಲ್ಲದರ ಜೊತೆಗೂ ಅದು ಸೆಣಸಬೇಕು. ಹಾಗಿದ್ದರೂ ಜನ ಕಿವಿಗೊಟ್ಟರು. ‘ಆಕಾಶವಾಣಿ’ ಎಂಬ ಹೆಸರು ಇಡೀ ದೇಶಕ್ಕೆ ಹೋದದ್ದು ಅಲ್ಲಿಂದಲೇ.

ನಮ್ಮ ಕೂಡ್ಲಿಗಿ ಸೀಮೆ ಆಗ ಮೈಸೂರಿನದಲ್ಲ. ಬಳ್ಳಾರಿ ಜಿಲ್ಲೆಯ ಜೊತೆಗೆ ಮದರಾಸಿಗೆ ಸೇರಿತ್ತು. ಮೈಸೂರಿಗೆ ಬಂದದ್ದು 1953ರ ಅಕ್ಟೋಬರ್ 1ಕ್ಕೆ. 1950ರ ಜನವರಿಯಲ್ಲಿ ಶುರುವಾದ ಧಾರವಾಡ ಆಕಾಶವಾಣಿಯೇ ಈ ಕಡೆಯವರಿಗೆ ಕನ್ನಡದ ದನಿ. ಕಾನಹೊಸಹಳ್ಳಿಯಂಥ ಊರಿನಲ್ಲಿ ರೇಡಿಯೋ ಕೇಳುವುದೆಂದರೆ ಸದ್ದಿನ ನಡುವೆ ಮಾತನ್ನು ಆರಿಸುವುದು, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ಹಿಟ್ಟಿನ ಗಿರಣಿ ಶುರುವಾದರೆ ಗರ್ರ್, ಹೊಲದ ಪಂಪ್‌ಸೆಟ್ಟು ಹಾಕಿದರೆ ಟಕ್, ಮುಂಗಾರಿನ ಮೊದಲ ಗುಡುಗಿಗೆ ಚಟಪಟ. ಗಂಡಸರು ಟ್ರಾನ್ಸಿಸ್ಟರನ್ನು ಎತ್ತಿ ಕುಟ್ಟುತ್ತಿದ್ದರು. ಹೆಂಗಸರು ಅದನ್ನು ಮೆಲ್ಲಗೆ ತಿರುಗಿಸಿ ಇಡುತ್ತಿದ್ದರು. ಸರಿಯಾದದ್ದು ಎರಡನೆಯದೇ. ಅದರ ಒಳಗೊಂದು ಕಪ್ಪು ಕಡ್ಡಿ ಇರುತ್ತದೆ. ಅದು ಎಲ್ಲ ದಿಕ್ಕಿನಿಂದಲೂ ಒಂದೇ ಸಮ ಕೇಳುವುದಿಲ್ಲ. ಗಿರಣಿಯ ಕಡೆಗೆ ಅದರ ತುದಿ ಬರುವಂತೆ ತಿರುಗಿಸಿದರೆ ಗಿರಣಿಯ ಸದ್ದು ಇಳಿಯುತ್ತದೆ. ಇದನ್ನು ಯಾವ ಪುಸ್ತಕವನ್ನೂ ಓದದೆ ಕಂಡುಕೊಂಡವರು ನಮ್ಮ ಕಡೆ ಮನೆಮನೆಯಲ್ಲೂ ಇದ್ದರು.

ಬೇಡದ ಸದ್ದೆಲ್ಲ ಮನುಷ್ಯನದೇ ಎಂದುಕೊಂಡಿದ್ದವರ ಕಣ್ಣು ತೆರೆಸಿದವನು ಕಾರ್ಲ್ ಜಾನ್ಸ್ಕಿ. ಸಮುದ್ರದಾಚೆಗಿನ ಟೆಲಿಫೋನ್ ಮಾತಿನಲ್ಲಿ ಬರುವ ಗದ್ದಲದ ಮೂಲ ಹುಡುಕು ಎಂದು ಅಮೆರಿಕದ ಬೆಲ್ ಪ್ರಯೋಗಶಾಲೆ ಅವನಿಗೆ ಹೇಳಿತ್ತು. ಸದ್ದಿನಲ್ಲಿ ಮೂರು ಬಗೆ ಕಂಡವು. ಹತ್ತಿರದ ಗುಡುಗು, ದೂರದ ಗುಡುಗು, ಮತ್ತೆ ಒಂದೇ ಸಮನೆ ಬರುವ ಸುಸ್ ಎಂಬ ಸದ್ದು. ಈ ಮೂರನೆಯದು ದಿನಾ ನಾಲ್ಕು ನಿಮಿಷ ಮೊದಲು ಬರುತ್ತಿತ್ತು. ನಕ್ಷತ್ರಗಳು ಹುಟ್ಟುವುದೂ ದಿನಾ ನಾಲ್ಕು ನಿಮಿಷ ಮೊದಲೇ. ಸದ್ದು ಬರುತ್ತಿದ್ದುದು ಧನು ರಾಶಿಯ ಕಡೆಯಿಂದ, ಆಕಾಶಗಂಗೆಯ ನಡುವಿನಿಂದ. 1933ರಲ್ಲಿ ಇದು ಲೋಕಕ್ಕೆ ತಿಳಿಯಿತು. ನಮ್ಮ ಗೌರಿಬಿದನೂರಿನಲ್ಲಿ 1976ರಲ್ಲಿ ಎದ್ದ, ಸಾವಿರ ಕಡ್ಡಿಗಳ ರೇಡಿಯೋ ದೂರದರ್ಶಕ ಈ ವಂಶದ್ದೇ. ಬೇರೆಯವರು ‘ಗದ್ದಲ’ ಎಂದು ಬಿಟ್ಟದ್ದನ್ನೇ ಆರಿಸಿಕೊಂಡು ಓದುವ ಶಾಸ್ತ್ರ ಅದು.

ಗದ್ದಲದ ಮೇಲೆ ನೇರವಾಗಿ ಯುದ್ಧ ಸಾರಿದವನು ಎಡ್ವಿನ್ ಆರ್ಮ್‌ಸ್ಟ್ರಾಂಗ್. ಈತನ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಆರ್‌ಸಿಎ ಎಂಬ ದೊಡ್ಡ ರೇಡಿಯೋ ಕಂಪನಿಯ ಸಾರ್ನಾಫ್, ‘ಚಟಪಟ ಸದ್ದನ್ನು ತೆಗೆಯುವ ಒಂದು ಸಣ್ಣ ಪೆಟ್ಟಿಗೆ ಮಾಡಿಕೊಡು’ ಎಂದು ಕೇಳಿದ್ದನು. ಪೆಟ್ಟಿಗೆ ಬೇಡ, ರೇಡಿಯೋದ ಪದ್ಧತಿಯನ್ನೇ ಬದಲಿಸೋಣ ಎಂದನು ಆರ್ಮ್‌ಸ್ಟ್ರಾಂಗ್. ಅದಕ್ಕೆ ಸೀರೆಯ ನೆರಿಗೆಯ ಹೋಲಿಕೆ ಕೊಡಬಹುದು. ಹಳೆಯ ರೇಡಿಯೋ ಮಾತನ್ನು ನೆರಿಗೆಯ ಎತ್ತರದಲ್ಲಿ ಅಡಗಿಸಿ ಕಳಿಸುತ್ತಿತ್ತು. ಗಾಳಿ ಬೀಸಿದರೆ ಎತ್ತರ ಕೆಡುತ್ತದೆ. ಆತ ಮಾತನ್ನು ನೆರಿಗೆಗಳ ಒತ್ತಿನಲ್ಲಿ, ಎಂದರೆ ಒಂದು ಗೇಣಿಗೆ ಎಷ್ಟು ನೆರಿಗೆ ಎನ್ನುವುದರಲ್ಲಿ ಅಡಗಿಸಿದ. ಗಾಳಿ ಎಷ್ಟು ಬೀಸಿದರೂ ಎಣಿಕೆ ಕೆಡುವುದಿಲ್ಲ. ಇದೇ ಎಫ್ಎಂ. 1933ರಲ್ಲಿ ಪೇಟೆಂಟ್, 1935ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಎಂಜಿನಿಯರುಗಳೆದುರು ಪ್ರದರ್ಶನ. ಲೋಟಕ್ಕೆ ನೀರು ಸುರಿಯುವುದು, ಕಾಗದ ಮುದುಡುವುದು ಕೂಡ ಸ್ಪಷ್ಟವಾಗಿ ಕೇಳಿಸಿತು. ನಮ್ಮ ಮೈಸೂರಿನಲ್ಲಿ 30 ವ್ಯಾಟಿನ ದನಿ ಏಳುತ್ತಿದ್ದ ವರ್ಷವೇ ಅದು.

ಆತನ ಹೆಂಡತಿ ಮರಿಯನ್ ಮೊದಲು ಅದೇ ಸಾರ್ನಾಫ್‌ನ ಕಾರ್ಯದರ್ಶಿಯಾಗಿದ್ದವಳು. 1923ರಲ್ಲಿ ಮದುವೆಯಾದಾಗ ಆರ್ಮ್‌ಸ್ಟ್ರಾಂಗ್ ಅವಳಿಗೆ ಉಡುಗೊರೆ ಕೊಟ್ಟದ್ದು ಕೈಯಲ್ಲಿ ಹಿಡಿದು ಒಯ್ಯಬಹುದಾದ ರೇಡಿಯೋ. ಎಫ್ಎಂ ಬಂದ ಮೇಲೆ ಕಂಪನಿಗಳು ಅವನ ಪದ್ಧತಿಯನ್ನು ಬಳಸಿದವು, ಹಣ ಕೊಡಲಿಲ್ಲ. 1948ರಿಂದ ಕೋರ್ಟು, ಕಚೇರಿ. ಹಣವೂ ಸಂಸಾರವೂ ಸವೆದು, 1954ರಲ್ಲಿ ಆತ 13ನೇ ಮಹಡಿಯ ಕಿಟಕಿಯಿಂದ ಬಿದ್ದು ಪ್ರಾಣ ಕಳೆದುಕೊಂಡ. ಮೊಕದ್ದಮೆಗಳನ್ನು ಮರಿಯನ್ ಬಿಡಲಿಲ್ಲ. ಒಂದೊಂದೇ ಕಂಪನಿಯ ಜೊತೆ ಹೋರಾಡುತ್ತ 1967ರಲ್ಲಿ ಕೊನೆಯದನ್ನೂ ಗೆದ್ದಳು. ಭಾರತಕ್ಕೆ ಎಫ್ಎಂ ಬಂದದ್ದು 1977ರಲ್ಲಿ, ಮದರಾಸಿಗೆ. ಇವತ್ತು ಅಡುಗೆ ಮಾಡುತ್ತ ಎಫ್ಎಂ ಹಾಕಿದಾಗ ಮಿಕ್ಸಿ ತಿರುಗಿದರೂ ಹಾಡು ಕೆಡುವುದಿಲ್ಲವಲ್ಲ, ಅದರ ಹಿಂದೆ ಹದಿಮೂರು ವರ್ಷ ಕೋರ್ಟಿಗೆ ಅಲೆದ ಒಬ್ಬ ವಿಧವೆ ಇದ್ದಾಳೆ.

ಇನ್ನು ಕಂಪ್ಯೂಟರು. ಇದು ಹುಟ್ಟಾ ಗದ್ದಲಗಾರ. 1975ರಲ್ಲಿ ಆಲ್ಟೇರ್ ಎಂಬ ಪುಟ್ಟ ಕಂಪ್ಯೂಟರು ಬಂದಾಗ ಅದಕ್ಕೆ ಪರದೆಯೂ ಇರಲಿಲ್ಲ, ಸ್ಪೀಕರೂ ಇರಲಿಲ್ಲ. ಅದರ ಪಕ್ಕ ರೇಡಿಯೋ ಇಟ್ಟರೆ ಮಾತ್ರ ಕಿರುಚಾಟ ಕೇಳುತ್ತಿತ್ತು. ಸ್ಟೀವ್ ಡಾಂಪಿಯರ್ ಎಂಬ ಹವ್ಯಾಸಿ ಆ ಕಿರುಚಾಟವನ್ನೇ ಲೆಕ್ಕ ಹಾಕಿ ಜೋಡಿಸಿ, ಕ್ಯಾಲಿಫೋರ್ನಿಯಾದ ಗೆಳೆಯರ ಕೂಟದಲ್ಲಿ ಹಾಡು ನುಡಿಸಿ ತೋರಿಸಿದ. ಹಾಡಾಗಿ ಕೇಳಿಸಿದ್ದು ಬೇಡದ ಸದ್ದೇ. ಆಮೇಲೆ 1989ರಲ್ಲಿ ಸಿಂಗಪುರದ ಕಂಪನಿಯೊಂದು ಸೌಂಡ್ ಬ್ಲಾಸ್ಟರ್ ಎಂಬ ಧ್ವನಿಯ ಕಾರ್ಡನ್ನು ಮಾರುಕಟ್ಟೆಗೆ ತಂದಿತು. ಅಂಥ ಕಾರ್ಡುಗಳು ಕೂರುವುದು ಕಂಪ್ಯೂಟರಿನ ಹೊಟ್ಟೆಯೊಳಗೇ. ಸಂತೆಯ ನಡುವೆ ಸಂಗೀತದ ಮೇಷ್ಟರನ್ನು ಕೂರಿಸಿದ ಹಾಗಾಯಿತು. ಇಂದಿಗೂ ನಮ್ಮ ಹೆಡ್‌ಫೋನಿನ ತೊಂದರೆಯ ಬೇರು ಇಲ್ಲೇ.

ಈಗ ಮೊದಲು ಹೇಳಿದ ಮಾತಿಗೆ ಬರುತ್ತೇನೆ. ರಿಪೇರಿಯವನನ್ನು ಕರೆಯುವ ಮೊದಲು ಕಣ್ಣು ಮುಚ್ಚಿ ಕೇಳಿ, ಸದ್ದಿಗೆ ಹೆಸರಿಡಿ. ಕರಕರ ಎನ್ನುತ್ತಿದ್ದು, ಪಿನ್ನನ್ನು ಅಲುಗಿಸಿದಾಗ ಹೆಚ್ಚುಕಡಿಮೆ ಆದರೆ ಪಿನ್ನು ಸವೆದಿದೆ, ಇಲ್ಲವೆ ತಂತಿ ಒಳಗೆ ಮುರಿದಿದೆ. ಇಲಿ, ಎಂದರೆ ಮೌಸು, ಸರಿದಾಗ ಚಿಂಯ್‌ಚಿಂಯ್ ಎಂದರೆ ಅದು ಕಂಪ್ಯೂಟರಿನ ಹೊಟ್ಟೆಯ ಸದ್ದು. ಪೆಟ್ಟಿಗೆಯ ಮುಂದಿನ ತೂತನ್ನು ಬಿಟ್ಟು ಹಿಂದಿನದಕ್ಕೆ ಸಿಕ್ಕಿಸಿ. ಮುಂದಿನ ತೂತಿಗೆ ತೆಳ್ಳನೆಯ ತಂತಿಯೊಂದು ಒಳಗಿನ ಗದ್ದಲವನ್ನೆಲ್ಲ ದಾಟಿ ಬರುತ್ತದೆ. ಅದರಿಂದಲೂ ಹೋಗದಿದ್ದರೆ ಕೆಲವು ನೂರು ರೂಪಾಯಿಗೆ ಯುಎಸ್‌ಬಿಗೆ ಸಿಕ್ಕಿಸುವ ಬೆರಳುದ್ದದ ಸೌಂಡ್ ಕಾರ್ಡು ಸಿಗುತ್ತದೆ. ಅದು ಪೆಟ್ಟಿಗೆಯ ಹೊರಗಿರುವುದೇ ಅದರ ದೊಡ್ಡ ಗುಣ. ಟಟ್ಟಟಟ್ ಟಟ್ಟಟಟ್ ಎಂದು ಬಂದರೆ ಪಕ್ಕದಲ್ಲಿ ಹಳೆಯ 2ಜಿ ಮೊಬೈಲಿದೆ ಎಂದರ್ಥ. ಅದು ಸೆಕೆಂಡಿಗೆ 217 ಸಲ ಬಿಟ್ಟುಬಿಟ್ಟು ಕೂಗುತ್ತದೆ, ಒಂದು ಮೊಳ ದೂರ ಇಟ್ಟರಾಯಿತು. ಬರೀ ಸಣ್ಣಗೆ ಸುಸ್ ಎಂದರೆ ಸುಮ್ಮನಿದ್ದುಬಿಡಿ. ಬಿಸಿ ಇರುವ ಯಾವ ತಂತಿಯಲ್ಲೂ ಅಷ್ಟು ಸದ್ದು ಇದ್ದೇ ಇರುತ್ತದೆ ಎಂದು 1928ರಲ್ಲೇ ಜಾನ್ಸನ್, ನೈಕ್ವಿಸ್ಟ್ ಎಂಬಿಬ್ಬರು ತೋರಿಸಿದ್ದಾರೆ.

ಉಳಿದದ್ದು ಗುಂಯ್. ಇದನ್ನು ಮಾತ್ರ ಸುಮ್ಮನೆ ಬಿಡಬಾರದು.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿದ್ದಾಳೆ. ನಮ್ಮ ಶಾಲೆಯಲ್ಲಿ ‘ಕೇಳಿ ಕಲಿ’ ರೇಡಿಯೋ ಪಾಠ ಬರುತ್ತಿದ್ದಾಗ ಚಟಪಟ ಸದ್ದಿನ ನಡುವೆಯೂ ಪ್ರಶ್ನೆಯನ್ನು ಎಲ್ಲರಿಗಿಂತ ಮೊದಲು ಹಿಡಿಯುತ್ತಿದ್ದವಳು. ಮದುವೆಯಾಗಿ ಪಕ್ಕದ ತಾಲ್ಲೂಕಿನ ಊರಿಗೆ ಹೋದಳು. 2020ರಲ್ಲಿ ಶಾಲೆಗಳು ಮುಚ್ಚಿ, ಮಕ್ಕಳು ಚಂದನ ವಾಹಿನಿಯ ‘ಸಂವೇದ’ ಪಾಠಕ್ಕೆ ಕೂತ ದಿನಗಳಲ್ಲಿ ಗಂಡನ ಕೆಲಸ ಹೋಯಿತು. ಧ್ವನಿಮುದ್ರಿಕೆ ಕೇಳಿ ಟೈಪು ಮಾಡಿಕೊಡುವ ಕೆಲಸವನ್ನು ಅವಳು ಹಿಡಿದಳು. ನಿಮಿಷದ ಲೆಕ್ಕದಲ್ಲಿ ಹಣ, ತಪ್ಪಿಗೆ ಕಡಿತ. ಮೂರನೆಯ ತಿಂಗಳಲ್ಲಿ ಕಡಿತವೇ ಹೆಚ್ಚಾದಾಗ ಫೋನು ಮಾಡಿದಳು.

“ಮೇಡಂ, ಕಿವ್ಯಾಗ ಒಂದೇ ಸಮ ಗುಂಯ್ ಅಂತೈತ್ರಿ. ‘ಇಲ್ಲ’ ಅಂದ್ರೋ ‘ಎಲ್ಲ’ ಅಂದ್ರೋ ತಿಳಿಯವಲ್ದು.”

“ಯಾವಾಗಲೂ ಒಂದೇ ಸಮ ಇರುತ್ತೇನೇ?”

“ಇಲ್ರಿ, ಪೆಟಿಗಿ ಮ್ಯಾಲೆ ಕೈ ಇಟ್ರ ಬದಲಾಗತೈತ್ರಿ. ಕೈ ಜುಮ್ ಅಂತತಿ.”

ಅವಳು ಹೆಡ್‌ಫೋನ್ ಸಿಕ್ಕಿಸಿದ್ದು ಸ್ಪೀಕರ್ ಡಬ್ಬದ ತೂತಿಗೆ. ಪರದೆಗೆ ಬಳಸುತ್ತಿದ್ದುದು ಮನೆಯ ಟಿವಿ, ಅದಕ್ಕೆ ಬೀದಿಯಿಂದ ಬಂದ ಕೇಬಲ್ಲು. ಕೇಬಲ್ಲು ಕಿತ್ತರೆ ಗುಂಯ್ ಅರ್ಧ ಇಳಿಯುತ್ತಿತ್ತು. ಅಷ್ಟಕ್ಕೇ ನಿಲ್ಲಿಸಬಹುದಿತ್ತು, ಎಷ್ಟೋ ಜನ ನಿಲ್ಲಿಸುತ್ತಾರೆ. ಆದರೆ ಆ ‘ಜುಮ್’ ಎನ್ನುವ ಮಾತು ನನಗೆ ಸರಿಬರಲಿಲ್ಲ. ಕಂಪ್ಯೂಟರಿನ ಕರೆಂಟು ಪೆಟ್ಟಿಗೆಯಲ್ಲಿ ಗದ್ದಲ ಇಳಿಸುವ ಪುಟ್ಟ ಕೆಪಾಸಿಟರುಗಳಿರುತ್ತವೆ. ಅವು ಸೋಸಿದ ಕೊಳೆಯನ್ನು ನೆಲಕ್ಕೆ, ಎಂದರೆ ಅರ್ತಿಂಗ್ ತಂತಿಗೆ ಬಿಡಬೇಕು. ಮೂರು ಕಾಲಿನ ಪ್ಲಗ್ಗಿನಲ್ಲಿ ದಪ್ಪನೆಯ, ಉದ್ದನೆಯ ಕಾಲು ಇದೆಯಲ್ಲ, ಅದೇ ಆ ದಾರಿ. ಆ ದಾರಿ ಇಲ್ಲದಿದ್ದರೆ ಪೆಟ್ಟಿಗೆಯ ತಗಡಿನ ಮೇಲೆ ಮನೆಯ ಕರೆಂಟಿನ ಅರ್ಧದಷ್ಟು ವೋಲ್ಟು ನಿಲ್ಲುತ್ತದೆ. ಸಣ್ಣ ಕರೆಂಟು, ಕೊಲ್ಲುವುದಿಲ್ಲ, ಜುಮ್ ಎನಿಸುತ್ತದೆ. ಬೇರೆ ದಾರಿ ಹುಡುಕಿಕೊಂಡು ಧ್ವನಿಯ ತಂತಿಯ ಮೂಲಕ ಟಿವಿಗೆ, ಅಲ್ಲಿಂದ ಬೀದಿಯ ಕೇಬಲ್ಲಿಗೆ ಹೋಗುತ್ತದೆ. ಹೋಗುವಾಗ ಕಿವಿಯಲ್ಲಿ ಗುಂಯ್ ಎನ್ನುತ್ತದೆ.

ಎಲೆಕ್ಟ್ರಿಷಿಯನ್ ಬಂದು ಬೋರ್ಡು ಬಿಚ್ಚಿದ. ಮೂರನೆಯ ತೂತಿನ ಹಿಂದೆ ತಂತಿಯೇ ಇರಲಿಲ್ಲ. ಆರು ವರ್ಷದ ಹಿಂದೆ ಕಟ್ಟಿದ ಮನೆ, ಹೊರಗೆ ಅರ್ತ್ ಗುಂಡಿಯೂ ಇಲ್ಲ. ಅಂದರೆ ಫ್ರಿಜ್ಜು, ನೀರು ಕಾಯಿಸುವ ಹೀಟರು, ಗ್ರೈಂಡರು ಯಾವುದಕ್ಕೂ ನೆಲದ ದಾರಿ ಇಲ್ಲ. ಆಗ ಗೊತ್ತಾದದ್ದು, ಆ ಮನೆಯ ಗ್ರೈಂಡರು ಎರಡು ವರ್ಷದಿಂದ ಶಾಕ್ ಹೊಡೆಯುತ್ತಿತ್ತು. ಅತ್ತೆ, ಸೊಸೆ ಇಬ್ಬರಿಗೂ ಗೊತ್ತಿತ್ತು. ಅದಕ್ಕೆ ಮನೆಯಲ್ಲಿ ಇದ್ದ ಮದ್ದು ಒಂದೇ.

“ಚಪ್ಲಿ ಮೆಟ್ಕಂಡು ರುಬ್ಬಾದು,” ಅಂದರು ಅತ್ತೆ.

ಈ ಮಾತನ್ನು ನಾನು ಎಷ್ಟು ಮನೆಗಳಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಟಿವಿಯಲ್ಲಿ ಗೆರೆ ಬಂದರೆ ಅದೇ ದಿನ ರಿಪೇರಿಯವನು ಬರುತ್ತಾನೆ. ಅಡುಗೆಮನೆಯ ಜುಮ್ಮಿಗೆ ಚಪ್ಪಲಿ.

ಗುಂಡಿ ತೋಡಿದ್ದು ಎರಡು ದಿನ. ನಮ್ಮ ಕಡೆಯ ನೆಲ ಗೊತ್ತಲ್ಲ, ನಾಲ್ಕು ಅಡಿಗೆ ಗಟ್ಟಿ ಗೊರಸು. ಎಂಟು ಅಡಿಯ ಜಿಐ ಪೈಪು ಇಳಿಸಿ, ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಕಲ್ಲುಪ್ಪು, ಮತ್ತೆ ಇದ್ದಿಲು, ಮತ್ತೆ ಉಪ್ಪು. ಒದ್ದೆ ಮಣ್ಣಿನಲ್ಲಿ ಕರೆಂಟು ಸಲೀಸಾಗಿ ಹರಿಯುತ್ತದೆ, ಒಣ ಮಣ್ಣಿನಲ್ಲಿ ಹರಿಯುವುದಿಲ್ಲ. ಇದ್ದಿಲು ನೀರನ್ನು ಹಿಡಿದಿಡುತ್ತದೆ. ಅಲ್ಲಿಂದ ಹಸಿರು ತಂತಿ ಎಳೆದು ಪ್ರತಿ ಬೋರ್ಡಿನ ಮೂರನೆಯ ತೂತಿಗೂ ಕಟ್ಟಿದರು. ಮೀಟರಿನ ಪಕ್ಕ ಆರ್‌ಸಿಸಿಬಿ ಎಂಬ ಸ್ವಿಚ್ಚು ಕೂಡ ಹಾಕಿಸಿದೆವು. ಕರೆಂಟು ಅಡ್ಡದಾರಿ ಹಿಡಿದು 30 ಮಿಲಿಆಂಪಿಯರಿನಷ್ಟು ಸೋರಿದರೆ ಕಣ್ಣು ಮಿಟುಕಿಸುವುದರೊಳಗೆ ಅದು ಆರಿಸಿಬಿಡುತ್ತದೆ. ಕೆಲವರು ಗುಂಯ್ ಹೋಗಲೆಂದು ಪ್ಲಗ್ಗಿನ ಮೂರನೆಯ ಕಾಲನ್ನೇ ಮುರಿಯುತ್ತಾರೆ. ಕೆಲವು ಸಲ ಸದ್ದು ನಿಜಕ್ಕೂ ಹೋಗುತ್ತದೆ, ಎರಡು ಕಡೆ ನೆಲ ಸಿಕ್ಕು ಸುತ್ತು ಬಿದ್ದಿದ್ದರೆ. ಹಾಗೆ ಮಾಡಿದವರು ಕಿವಿಯ ಸುಖಕ್ಕೆ ಜೀವ ಅಡವಿಟ್ಟ ಹಾಗೆ.

ಅಂದು ಸಂಜೆ ಕಂಪ್ಯೂಟರ್ ಹಾಕಿದಾಗ ಗುಂಯ್ ಇರಲಿಲ್ಲ. ಮಾರನೆಯ ಬೆಳಿಗ್ಗೆ ದೋಸೆಗೆ ರುಬ್ಬಲು ಗ್ರೈಂಡರು ಹಾಕಿದ ಕೂಡಲೆ ಮನೆಯ ಕರೆಂಟೆಲ್ಲ ಟಪ್ಪೆಂದು ಹೋಯಿತು. ಮತ್ತೆ ಹಾಕಿದರು, ಮತ್ತೆ ಹೋಯಿತು. “ಹೊಸ ಸ್ವಿಚ್ಚು ಸರಿಯಿಲ್ಲ,” ಎಂದರು ಮನೆಯ ಗಂಡಸರು. ಸ್ವಿಚ್ಚು ಸರಿಯೇ ಇತ್ತು. ಗ್ರೈಂಡರಿನ ತಳ ಬಿಚ್ಚಿದರೆ, ವರ್ಷಗಟ್ಟಲೆ ಇಳಿದ ಹಿಟ್ಟಿನ ನೀರಿಗೆ ಮೋಟಾರಿನ ತಂತಿಯ ಮೇಲ್ಪದರ ಕೊಳೆತು, ಬರಿಯ ತಾಮ್ರ ತಗಡಿಗೆ ತಾಗುತ್ತಿತ್ತು. ಇಷ್ಟು ದಿನ ನಡುವೆ ಇದ್ದದ್ದು ಒಂದು ಜೊತೆ ಹವಾಯಿ ಚಪ್ಪಲಿ.

ಹೊಸ ಮೋಟಾರು ಹಾಕಿಸಿದರು. ಅವಳ ಟೈಪಿನ ಕಡಿತ ಮುಂದಿನ ತಿಂಗಳಿಂದ ಇಳಿಯಿತು. ನಮ್ಮ ಕಡೆಯ ಬೇಸಿಗೆಗೆ ಗುಂಡಿ ಒಣಗಿದರೆ ಎಲ್ಲ ಮೊದಲಿನ ಹಾಗೇ ಆಗುತ್ತದೆ ಎಂದು ಎಲೆಕ್ಟ್ರಿಷಿಯನ್ ಹೇಳಿ ಹೋಗಿದ್ದ. ಫೆಬ್ರವರಿಯಿಂದ ಮಳೆ ಬೀಳುವವರೆಗೆ ವಾರಕ್ಕೆ ಎರಡು ಕೊಡ ನೀರು. ತುಳಸಿಗೆ ನೀರು ಹಾಕಿದ ಮೇಲೆ ಆ ಕೊಡಗಳನ್ನು ಸುರಿಯುವ ಕೆಲಸವನ್ನು ಈಗ ಅತ್ತೆಯವರೇ ವಹಿಸಿಕೊಂಡಿದ್ದಾರೆ.